ಚಟ್ನಿಪುಡಿಯ ಹೊದಿಕೆ

ಒಂದು ಮಧ್ಯಾಹ್ನ ಕಮಲಾಪುರದ ಚಿಕ್ಕಮ್ಮನ ಮನೆಯ ಪಡಸಾಲೆಯಲ್ಲಿ, ಅವಳ ಚಟ್ನಿಪುಡಿ ವ್ಯಾಪಾರದ ಹೊದಿಕೆಗಳನ್ನೆಲ್ಲ ಚಾಪೆಯ ಮೇಲೆ ಹರಡಿಕೊಂಡು ಎರಡು ರಾಶಿ ಮಾಡುತ್ತ ಕುಳಿತಿದ್ದೆ. ಮಾರಿದವರೇ ಹೊಣೆ ಹೊತ್ತು ಮರುಬಳಕೆಗೆ ಕಳಿಸಬೇಕೆಂಬ ಕಡ್ಡಾಯ ನಿಯಮಕ್ಕೆ ಒಳಪಡುವುದು ಒಂದು ಕಡೆ, ಒಳಪಡದ್ದು ಇನ್ನೊಂದು ಕಡೆ. ನೋಂದಣಿ ಸಂಖ್ಯೆಯಿಲ್ಲದ ಪ್ಯಾಕೆಟ್ಟುಗಳನ್ನು ಇನ್ನು ಮುಂದೆ ಇಡುವುದಿಲ್ಲವೆಂದು ಹೊಸಪೇಟೆಯ ಅಂಗಡಿಯವರು ಹೇಳಿ ಕಳಿಸಿದ್ದರು. ಚಿಕ್ಕಮ್ಮ ಕುಟ್ಟುವ ಶೇಂಗಾ ಚಟ್ನಿಪುಡಿಯ ಬಹುಪಾಲು ಖರ್ಚಾಗುತ್ತಿದ್ದುದು ಆ ಒಂದೇ ಅಂಗಡಿಯಲ್ಲಿ. ಅದು ನಿಂತರೆ ಅವಳ ಒರಳೂ ನಿಲ್ಲುತ್ತಿತ್ತು.

ಹಂಪಿಯ ಹೊಳೆದಂಡೆಯಲ್ಲಿ ಕಸ ಹೆಕ್ಕಿ, ಯಾವ ಪೊಟ್ಟಣದ ಮೇಲೆ ಯಾರ ಹೆಸರಿದೆಯೆಂದು ಗುರುತಿಸುವ ಗುಂಪಿನಲ್ಲಿ ನಾನು ಕೆಲವು ವರ್ಷಗಳಿಂದ ಇದ್ದೇನೆ. ಪ್ರತಿ ನಿಯಮಕ್ಕೂ ಕಾರಣ ಕೇಳಬೇಕೆಂದು ಕಲಿಸಿದ ಶಾಲೆಯಲ್ಲಿ ಓದಿದವಳು. ತಪ್ಪನ್ನು ತಪ್ಪೆಂದು ಕರೆಯದೆ ಬಿಟ್ಟರೆ ಅದು ಪದ್ಧತಿಯಾಗುತ್ತದೆ ಎಂಬುದನ್ನು ಈಗಲೂ ನಂಬುತ್ತೇನೆ. ಆದ್ದರಿಂದ ಈ ವಿಂಗಡಣೆಯನ್ನು ನಾನೇ ಕೇಳಿ ವಹಿಸಿಕೊಂಡಿದ್ದೆ.

ಪುಡಿ ತುಂಬುವ, ಅವಳ ಹೆಸರು ಅಚ್ಚಾದ ಪ್ಲಾಸ್ಟಿಕ್ ಕವರು ನಿಯಮದೊಳಗೆ ಬಂತು. ಅದರ ಬಾಯಿಗೆ ಕಟ್ಟುವ ನೂಲು ಬರಲಿಲ್ಲ. ಶೇಂಗಾ ತುಂಬಿಕೊಂಡು ಬಂದ ಚೀಲವೂ ಅವಳ ಲೆಕ್ಕಕ್ಕೆ ಬರಲಿಲ್ಲ; ಅದು ಅವಳು ಮಾರಿದ್ದಲ್ಲ, ಕೊಂಡದ್ದು. ಚಿಕ್ಕಮ್ಮ ಬೆಳ್ಳುಳ್ಳಿ ಸುಲಿಯುತ್ತ ನೋಡುತ್ತಿದ್ದಳು.

"ಬಾಳಿ ಗೊನಿಗೆ ತೊಡಸ್ತಾರಲ್ಲ, ಆ ನೀಲಿ ಕವರು? ಅದು ಯಾವ ರಾಶಿಗೆ?"

"ಯಾವದಕ್ಕೂ ಇಲ್ಲ ಚಿಕ್ಕಮ್ಮ. ಗೊನಿ ಗಿಡದಾಗ ಇದ್ದಾಗ ತೊಡಸಿದ್ದು ಅದು. ಮಾರಾಕ ಕಟ್ಟಿದ್ದಲ್ಲ."

"ಮತ್ತ ಕಾಲುವ್ಯಾಗ ತೇಲಿ ಬರಾದು ಅದ ಅಲ್ಲೇನು?"

"ಅದ. ಪ್ಲಾಸ್ಟಿಕ್ ಹೌದು, ಪ್ಯಾಕಿಂಗ್ ಅಲ್ಲ."

"ಭಾಳ ಶ್ಯಾಣ್ಯಾ ಐತಿ ನಿನ್ನ ಕಾಯ್ದೆ" ಎಂದು ಅವಳು ಬೆಳ್ಳುಳ್ಳಿಯ ಸಿಪ್ಪೆಯನ್ನು ಊದಿದಳು.

ನನ್ನ ತೀರ್ಮಾನ ಹೀಗಿತ್ತು: ಕವರು ನಿಯಮಕ್ಕೆ ಒಳಪಡುತ್ತದೆ; ಆದರೆ ಚಿಕ್ಕಮ್ಮನಷ್ಟು ಸಣ್ಣವರ ಮೇಲೆ ಅದರ ಹೊರೆ ಬೀಳುವುದಿಲ್ಲ, ಅದು ಕವರು ತಯಾರಿಸುವ ಮೇಲಿನವರಿಗೆ ಸಲ್ಲುತ್ತದೆ. ಮರುದಿನ ನಿಯಮದ ಪ್ರತಿಯನ್ನು ಹಿಡಿದು ಹೊಸಪೇಟೆಗೆ ಹೋದೆ. ಅಂಗಡಿಯವರು ನನ್ನ ಮಾತನ್ನು ತಾಳ್ಮೆಯಿಂದ ಕೇಳಿಸಿಕೊಂಡರು.

"ನೀವು ಹೇಳಾದು ಖರೇನ ಇರಬೌದ್ರಿ ಅಕ್ಕಾರ. ಆದ್ರ ನನಗ ಪ್ಯಾಕೆಟ್ ಮ್ಯಾಲ ನಂಬರ್ ಬೇಕ್ರಿ."

"ಸಣ್ಣವರಿಗೆ ನಂಬರ್ ಬೇಕಾಗಿಲ್ಲ ಅಂತ ಇದರಾಗ ಐತ್ರಿ."

"ಹಂಗಾದ್ರ ಬೇಕಾಗಿಲ್ಲ ಅಂತ ಒಂದು ನಂಬರ್ ಕೊಡಸ್ರಿ, ಇಟಗೋತೀನಿ."

ಅವರು ಕುಹಕವಾಡುತ್ತಿರಲಿಲ್ಲ, ನಿಜವಾಗಿಯೇ ಕೇಳುತ್ತಿದ್ದರು. ಅವರ ತಲೆಯ ಮೇಲೆ ಶಾಂಪೂ, ಗುಟ್ಕಾದ ಪೊಟ್ಟಣಗಳು ಸರಮಾಲೆಯಾಗಿ ತೂಗುತ್ತಿದ್ದವು. ಅಂಥವನ್ನು ನಾನು ಹೊಳೆಯ ಮರಳಿನಿಂದ ಎಷ್ಟೋ ಸಲ ಎತ್ತಿದ್ದೇನೆ. ದೊಡ್ಡವರನ್ನು ಹಿಡಿಯಲು ಮಾಡಿದ ನಿಯಮ ಮೊದಲು ಹೊರಗಟ್ಟಿದ್ದು ಒಬ್ಬ ಚಟ್ನಿಪುಡಿ ಮಾಡುವವಳನ್ನು. ಇದು ಅನ್ಯಾಯ. ಅಂಗಡಿಯವರಿಗೆ ಹಾಗೆಯೇ ಹೇಳಿದೆ. "ಅನ್ಯಾಯನ ಬಿಡ್ರಿ" ಎಂದು ಒಪ್ಪಿಕೊಂಡು ಅವರು ಬೇರೆ ಗಿರಾಕಿಗೆ ಸಕ್ಕರೆ ತೂಗತೊಡಗಿದರು.

ಕವರೇ ಇಲ್ಲದಿದ್ದರೆ ಪ್ರಶ್ನೆಯೂ ಇಲ್ಲ ಎಂಬ ಯೋಚನೆ ಬಸ್ಸಿನಲ್ಲಿ ಬರುವಾಗ ಹೊಳೆಯಿತು. ತುಂಬಿ ಹೋಗಿ ಖಾಲಿಯಾಗಿ ಮರಳುವ ಪಾತ್ರೆ ಕಸವಾಗುವುದಿಲ್ಲ. ಚಿಕ್ಕಮ್ಮನ ಅಟ್ಟದ ಮೇಲೆ ಸ್ಟೀಲ್ ಡಬ್ಬಿಗಳಿದ್ದವು. ಮನೆಯ ಮದುವೆಗಳಲ್ಲಿ ಮುಯ್ಯಿಯಾಗಿ ಬಂದವು, ಎಲ್ಲದರ ಮೇಲೂ ಚಿಕ್ಕಮ್ಮ ಈ ಮನೆಯ ಹೆಸರು ಕೊರೆಸಿದ್ದಳು. ತೋರಣಗಲ್ಲಿನ ಬಳಿಯ ವಡ್ಡು ಎಂಬ ಊರಿನಲ್ಲಿ ಅವಳ ಪರಿಚಯದ ಹೆಣ್ಣುಮಗಳೊಬ್ಬಳಿದ್ದಳು. ಕಮಲಾಪುರದಲ್ಲಿ ಹುಟ್ಟಿ ಅಲ್ಲಿಗೆ ಮದುವೆಯಾಗಿ ಹೋದವಳು. ಗಂಡ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಗುತ್ತಿಗೆಯ ಕೆಲಸಗಾರ. ಅವಳು ತನ್ನ ಓಣಿಯ ಮನೆಗಳಿಗೆ ಪುಡಿ ಮಾರಿಕೊಡಲು ಒಪ್ಪಿದಳು. ಚಿಕ್ಕಮ್ಮನೂ ನಾನೂ ಡಬ್ಬಿಗಳನ್ನು ತುಂಬಿ ಒಯ್ದು ಕೊಟ್ಟೆವು. ಒಂದೇ ದಿನದಲ್ಲಿ ಎಲ್ಲವೂ ಮನೆಮನೆ ಸೇರಿದವು.

ಆಮೇಲೆ ಒಂದೂ ಹಿಂದಿರುಗಲಿಲ್ಲ. ಫೋನಿನಲ್ಲಿ ಕೇಳಿದರೆ "ನಾಳಿ ಕಳಸ್ತೀವಿ" ಎಂಬ ಉತ್ತರ ಬರುತ್ತಿತ್ತು. ಹುರಿದ ಶೇಂಗಾ ಕಾಯುತ್ತಿತ್ತು, ತುಂಬಲು ಡಬ್ಬಿಯಿರಲಿಲ್ಲ. ಅಂಗಡಿ ತಪ್ಪಿತ್ತು, ಈಗ ಓಣಿಯೂ ತಪ್ಪುವಂತಿತ್ತು. ನಂಬಿ ಕೊಟ್ಟದ್ದನ್ನು ಇಟ್ಟುಕೊಳ್ಳುವುದು ತಪ್ಪು, ಬಡವರು ಮಾಡಿದರೂ ತಪ್ಪೇ ಎಂದೆ. ಚಿಕ್ಕಮ್ಮ ಸೆರಗು ಸರಿಪಡಿಸಿಕೊಂಡು ಎದ್ದಳು. "ಹೋಗಿ ನೋಡೂಣು ನಡಿ" ಎಂದಳು.

ವಡ್ಡುವಿನ ಆ ಹೆಣ್ಣುಮಗಳ ಮನೆಯ ಗೋಡೆಗೂಡಿನಲ್ಲಿ ಒಂದು ಡಬ್ಬಿ ಬೋರಲಾಗಿತ್ತು. ತೊಳೆದು, ಒರೆಸಿ, ಮುಚ್ಚಳವನ್ನು ಪಕ್ಕಕ್ಕಿಟ್ಟಿದ್ದರು.

"ಇದನ್ನ ಯಾಕ ಕಳಸಲಿಲ್ಲ?" ಎಂದೆ.

"ಖಾಲಿ ಡಬ್ಬಿ ಹೆಂಗ ಕಳಸ್ಲಿ ಅಕ್ಕಾ?" ಆ ಹೆಣ್ಣುಮಗಳು ನನ್ನನ್ನು ಬಿಟ್ಟು ಚಿಕ್ಕಮ್ಮನ ಮುಖ ನೋಡಿ ಹೇಳಿದಳು. "ನಾಕು ಉಂಡಿ ಕಟ್ಟಿ ಹಾಕಿ ಕೊಡೂಣು ಅಂತ ಮಾಡಿದ್ದೆ. ಈ ತಿಂಗಳ ನಮ್ಮನಿಯವರಿಗೆ ಡ್ಯೂಟಿ ಸರಿಯಾಗಿ ಬಿದ್ದಿಲ್ಲ. ನಾಳಿ ನಾಳಿ ಅಂತ ಹಂಗ ಉಳೀತು."

ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ದನಿಗೂಡಿಸಿದಳು. "ನಂದೂ ಹಂಗ ಆಗೇತ್ರಿ. ದಿನಾ ತೊಳದು ಇಡ್ತೀನಿ."

"ತೊಳದು ತೊಳದು ಅಕ್ಕನ ಮನಿ ಹೆಸರ ಅಳಿಸಿಬಿಟ್ಟೀಯಲೇ" ಎಂದು ಮನೆಯವಳು ಅವಳನ್ನು ಛೇಡಿಸಿದಳು.

ಊಟದ ಪದಾರ್ಥ ಬಂದ ಪಾತ್ರೆಯನ್ನು ನಮ್ಮ ಕಡೆ ಬರಿದಾಗಿ ಹಿಂದಿರುಗಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯಾದರೂ ಬೀಳಬೇಕು. ನನ್ನ ತಾಯಿಯೂ ಹಾಗೆಯೇ ಮಾಡುತ್ತಾಳೆ. ಆದರೆ ಆ ಡಬ್ಬಿಗಳನ್ನು ನಾನು ಸರಕಿನ ಹೊದಿಕೆಯೆಂದು ಎಣಿಸಿದ್ದೆ. ಅಲ್ಲಿ ಅವು ಒಂದು ಮನೆಯಿಂದ ಬಂದ ಡಬ್ಬಿಗಳಾಗಿದ್ದವು.

"ಇದು ಮಾರಿದ್ದು, ಬೀರಿದ್ದಲ್ಲ. ಖಾಲಿನ ಕೊಡ್ರಿ, ಏನೂ ತಪ್ಪಿಲ್ಲ" ಎಂದೆ.

"ನೀವು ಸಾಲಿ ಕಲತಾರು, ನಿಮಗ ನಡೀತೈತ್ರಿ" ಎಂದಳು ಮನೆಯವಳು. "ಡಬ್ಬಿ ಮ್ಯಾಲ ಅಕ್ಕನ ಮನಿ ಹೆಸರೈತಿ. ನಮಗ ಮನಸ ಬರಂಗಿಲ್ಲ."

ಚಿಕ್ಕಮ್ಮ ಅಂಗಳದ ಕಡೆ ನೋಡುತ್ತಿದ್ದಳು. ಬಚ್ಚಲ ನೀರು ಹರಿಯುವಲ್ಲಿ ಒಂದು ಕರಿಬೇವಿನ ಗಿಡ ಮಾಡಿನೆತ್ತರಕ್ಕೆ ಬೆಳೆದಿತ್ತು.

"ಬಾಗಲಾಗ ಗಿಡ ಇಟಗೊಂಡು ಉಂಡಿ ಚಿಂತಿ ಮಾಡ್ತೀಯಲ್ಲಲೇ" ಎಂದಳು. "ನಾಕು ಕಡ್ಡಿ ಕರಿಬೇವು ಹಾಕು. ನಾ ಚಟ್ನಿಗೆ ಸಂತ್ಯಾಗ ತರಾದು ತಪ್ಪತೈತಿ."

ಅಂದೇ ಮಧ್ಯಾಹ್ನದೊಳಗೆ ಓಣಿಯ ಡಬ್ಬಿಗಳೆಲ್ಲ ಬಂದವು. ಗಿಡವಿಲ್ಲದ ಮನೆಯವರು ಈ ಗಿಡದಿಂದಲೇ ಕಿತ್ತು ಹಾಕಿದರು. ಒಂದರಲ್ಲಿ ಮಾತ್ರ ಸಕ್ಕರೆಯಿತ್ತು. ಅಂದಿನಿಂದ ಡಬ್ಬಿಗಳು ಹೋಗುತ್ತಿವೆ, ಸೊಪ್ಪು ತುಂಬಿಕೊಂಡು ಬರುತ್ತಿವೆ. ಒರಳು ನಿಂತಿಲ್ಲ. ಹೊಸಪೇಟೆಯ ಅಂಗಡಿಯವರು ಈಚೆಗೆ ಮತ್ತೆ ಹೇಳಿ ಕಳಿಸಿದ್ದರು, ಗಿರಾಕಿಗಳು ಕೇಳುತ್ತಿದ್ದಾರಂತೆ. ಆ ಗಿರಾಕಿಗಳಿಗೇ ಡಬ್ಬಿ ತರಲು ಹೇಳೆಂದಳು ಚಿಕ್ಕಮ್ಮ.

ವಡ್ಡುವಿನ ಕರಿಬೇವನ್ನು ಅವಳು ಮೂರು ನೀರಿನಲ್ಲಿ ತೊಳೆಯುತ್ತಾಳೆ. ಮೊದಲ ನೀರು ಕೆಂಪಗೆ ಇಳಿಯುತ್ತದೆ. ಆ ದಾರಿಯಲ್ಲಿ ಅದಿರು ಹೊತ್ತ ಲಾರಿಗಳು ತಾಡಪಾಲು ಕಟ್ಟದೆ ಓಡಾಡುತ್ತವೆ. ಧೂಳು ಗಿಡಗಳ ಮೇಲೆ, ಮಾಡಿನ ಮೇಲೆ, ಒಣಹಾಕಿದ ಬಟ್ಟೆಗಳ ಮೇಲೆ ಕೂರುತ್ತದೆ. ಇದೂ ತಪ್ಪು. ಆದರೆ ಅದಿರು ಯಾವ ಹೊದಿಕೆಯೂ ಇಲ್ಲದೆ ಹೋಗುತ್ತದೆ. ನನ್ನ ಎರಡು ರಾಶಿಗಳಲ್ಲಿ ಯಾವುದಕ್ಕೂ ಸೇರುವುದಿಲ್ಲ. ಚಿಕ್ಕಮ್ಮ ಆ ಕೆಂಪು ನೀರನ್ನು ಹಿತ್ತಲ ಬಾಳೆಯ ಬುಡಕ್ಕೆ ಹಾಕುವುದಿಲ್ಲ. ಬೀದಿಗೆ ಚೆಲ್ಲಿ, ಎರಡನೆಯ ನೀರು ತುಂಬಿಕೊಳ್ಳುತ್ತಾಳೆ.