ನನ್ನ ಗಂಟಲಲ್ಲಿ ಎರಡು ಕಾರು

ಕಾರಿನ ವಿಷಯದಲ್ಲಿ ನನಗಿರುವ ಪಾಂಡಿತ್ಯವೆಲ್ಲ ಗಂಟಲಿನದು. ಬಾನೆಟ್ಟಿನ ಕೆಳಗೆ ಏನಿದೆಯೆಂದು ಕೇಳಿದರೆ, ಕತ್ತಲೆ ಎನ್ನುತ್ತೇನೆ. ಆದರೆ ಹುಣಸೂರಿನ ರಸ್ತೆಯಲ್ಲಿ ಓಡಾಡುವ ಯಾವ ಮೋಟಾರನ್ನು ಬೇಕಾದರೂ ನಿಮ್ಮ ಜಗಲಿಯ ಮೇಲೆ ಕೂತು ಹೊರಡಿಸಿ, ಓಡಿಸಿ, ಕೆಡಿಸಿ ನಿಲ್ಲಿಸಬಲ್ಲೆ. ಅಮಲ್ದಾರರ ಕೆಮ್ಮು, ಹೆಡ್‌ಮೇಷ್ಟರ ಸೀನು, ನಮ್ಮತ್ತೆಯ ಅಳು ಎಲ್ಲ ಮುಗಿದ ಮೇಲೆ, ಅಣಕಿಸಲು ಮನುಷ್ಯರು ಸಾಲದೆ ಯಂತ್ರಗಳಿಗೆ ಕೈಹಾಕಿದವನು ನಾನು. ಈ ವಿದ್ಯೆಯಿಂದ ಲೋಕಕ್ಕೇನೂ ಉಪಯೋಗವಿಲ್ಲವೆಂದು ನಮ್ಮಪ್ಪ ಹೇಳುತ್ತಿದ್ದರು. ಹನಗೋಡಿನ ನನ್ನ ಸೋದರಮಾವ ಪುಟ್ಟೇಗೌಡರು ಅದಕ್ಕೊಂದು ಉಪಯೋಗ ಹುಡುಕಿದರು.

ಮಾವನಿಗೆ ಬಾಡಿಗೆ ಕಾರು ಓಡಿಸುವ ಹುಚ್ಚು ಹಿಡಿದಿತ್ತು. ಹುಣಸೂರಿನಲ್ಲಿ ಎರಡು ಕಾರುಗಳು ಮಾರಾಟಕ್ಕಿದ್ದವು, ಒಂದು ಅಲ್ಲಿನ ವಕೀಲರದು, ಇನ್ನೊಂದು ಕಾಫಿ ಸಾಹುಕಾರರದು. ಎರಡರ ಯಜಮಾನರಿಗೂ ಜಮೀನಿತ್ತು, ಇಬ್ಬರ ಕಣ್ಣೂ ಮಾವನ ಜೋಡಿ ಎತ್ತಿನ ಮೇಲಿತ್ತು. ಎತ್ತು ಕೊಡಿ, ಕಾರು ಹೊಡೆದುಕೊಂಡು ಹೋಗಿ ಎಂದಿದ್ದರು. ಆ ಜೋಡಿ ಬಿಟ್ಟರೆ ಮಾವನಿಗೆ ಉಳುವುದಕ್ಕೆ ಬೇರೆ ಗತಿಯಿರಲಿಲ್ಲ. ತಪ್ಪು ಕಾರು ಬಂದರೆ ಬಾಡಿಗೆಯೂ ಇಲ್ಲ, ಬೇಸಾಯವೂ ಇಲ್ಲ.

ಕಂಪನಿಗಳ ಹೆಸರು ಹೇಳಲಾರೆ. ಹುಣಸೂರಿನಲ್ಲಿ ಎರಡಕ್ಕೂ ಭಕ್ತರಿದ್ದಾರೆ. ಶೈವ ವೈಷ್ಣವರಿಗಾದರೂ ರಾಜಿ ಮಾಡಿಸಬಹುದು, ಇವರಿಗೆ ಸಾಧ್ಯವಿಲ್ಲ. ವಕೀಲರದು ಅಮೇರಿಕದ್ದು. ಗುಂಡಿ ಒತ್ತಿದರೆ ತಾನೇ ಎದ್ದು ಗುರುಗುಟ್ಟುತ್ತದೆ. ಆ ಕಂಪನಿಯವರು ವರ್ಷಕ್ಕೊಂದು ಹೊಸ ಮಾದರಿ ತಂದು, ಇದಕ್ಕಿಂತ ಉತ್ತಮವಾದದ್ದು ಭೂಮಿಯ ಮೇಲಿಲ್ಲ ಎನ್ನುತ್ತಾರೆ. ಹೋದ ವರ್ಷವೂ ಹಾಗೇ ಅಂದಿರಲ್ಲ ಎಂದು ಕೇಳುವ ಹಳ್ಳಿಗರು ಅಮೇರಿಕದಲ್ಲಿ ಇಲ್ಲವೆಂದು ಕಾಣುತ್ತದೆ. ಕಾಫಿ ಸಾಹುಕಾರರದು ಇಂಗ್ಲೆಂಡಿನದು. ಹುಟ್ಟಿದಂದಿನಿಂದ ಅದೇ ಮುಖ, ಅದೇ ಗಾಂಭೀರ್ಯ. ಮುಂದೆ ನಿಂತು ಹ್ಯಾಂಡಲ್ ತಿರುಗಿಸಿ ಯಾರಾದರೂ ಬೆವರು ಸುರಿಸಿದ ಹೊರತು ಅದಕ್ಕೆ ಎಚ್ಚರವಾಗುವುದಿಲ್ಲ.

ಎತ್ತು ಕುದುರೆಗಳಾದರೆ ಸುಳಿ ಎಲ್ಲಿರಬೇಕು, ಹಲ್ಲು ಹೇಗಿರಬೇಕು ಎಂದು ನಮ್ಮ ಹಿರಿಯರು ಶಾಸ್ತ್ರವನ್ನೇ ಬರೆದಿಟ್ಟರು. ಮೋಟಾರಿನ ಸುಳಿಯ ಬಗ್ಗೆ ಅವರು ಯಾಕೋ ಯೋಚಿಸಲಿಲ್ಲ. ಹಾಗಾಗಿ ಮಾವ ಎತ್ತು ನೋಡುವ ಸಿದ್ದತಾತನನ್ನೇ ನಂಬಿದರು. ಸುತ್ತಿನ ಹಳ್ಳಿಗಳಲ್ಲಿ ಯಾರು ಎತ್ತು ಕೊಂಡರೂ ತಾತ ತಲೆಯಾಡಿಸಬೇಕು. ಆದರೆ ಅವನ ಮಂಡಿ ಹಿಡಿದುಕೊಂಡು, ಹುಣಸೂರಿರಲಿ, ಹಿತ್ತಿಲಿಗೆ ಹೋಗುವುದೂ ಕಷ್ಟವಾಗಿತ್ತು. ಎರಡು ಕಾರನ್ನೂ ಕೇಳಿಸಿಕೊಂಡು ಬಂದು ತಾತನ ಮುಂದೆ ಕೂಗಿ ತೋರಿಸು ಎಂದು ಮಾವ ನನ್ನನ್ನು ಕಳಿಸಿದರು.

ವಕೀಲರು ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಪೇಟೆಬೀದಿಯಲ್ಲಿ ಒಂದು ಸುತ್ತು ತಂದರು. ಪರಿಚಯದವರೆಲ್ಲ ನೋಡಿದರು, ನೋಡದವರಿಗೆ ನಾನೇ ಕೈಬೀಸಿದೆ. ಅಷ್ಟಕ್ಕೇ ನನ್ನ ನಿಷ್ಠೆ ಸಮುದ್ರ ದಾಟಿ ಅಮೇರಿಕ ಸೇರಿತು. ಸಾಹುಕಾರರ ಡ್ರೈವರ್ ಮುದ್ದಯ್ಯ ತನ್ನ ಮುದಿ ಕಾರಿನಲ್ಲಿ ನನ್ನನ್ನು ಹನಗೋಡಿನವರೆಗೂ ಬಿಟ್ಟುಹೋದ. ದಾರಿಯಲ್ಲಿ ಹೊಳೆ ದಾಟಿದ ಮೇಲಿನ ಏರಿನಲ್ಲಿ ಮೂರು ಕಡೆ ನಿಲ್ಲಿಸಿ ಅದಕ್ಕೆ ನೀರು ಕುಡಿಸಿದ.

ತಾತನ ಜಗಲಿಯ ಮೇಲೆ, ಮಾವನ ಎದುರಿಗೆ, ಇಂಗ್ಲೆಂಡಿನದನ್ನು ಗೊರಕೆ, ಕೆಮ್ಮು, ಗೂರಲು ಯಾವುದನ್ನೂ ಬಿಡದೆ ಹೊರಡಿಸಿದೆ. ಅಮೇರಿಕದ್ದನ್ನು ಜೇನ್ನೊಣದ ಹಾಗೆ ಹಾಡಿಸಿದೆ. ತಾತ ಕಣ್ಣು ಮುಚ್ಚಿಕೊಂಡು ಕೇಳಿ, ಎರಡನ್ನೂ ಏರು ಹತ್ತಿಸು ಅಂದ. ಮೊದಲನೆಯದನ್ನು ಏದುಸಿರಿನೊಂದಿಗೆ ಹತ್ತಿಸಿದೆ. ಎರಡನೆಯದು ಏರಿನಲ್ಲಿ ಹೇಗೆ ಕೂಗುತ್ತದೆಂದು ನಾನೆಲ್ಲಿ ಕೇಳಿದ್ದೆ? ಅದೇ ಜೇನ್ನೊಣವನ್ನು ಇನ್ನೊಂದಿಷ್ಟು ಜೋರಾಗಿ ಬಿಟ್ಟೆ.

ತಾತ ಕಣ್ಣು ತೆರೆದ. “ಇದು ನಿನ್ ದನಿ ಕಣ್ಲಾ, ಗಾಡೀದಲ್ಲ. ಏರ್ನಲ್ಲಿ ಉಸ್ರು ಕಟ್ದೇ ಇರೋ ಪ್ರಾಣೀನ ನಾ ಕಂಡಿಲ್ಲ. ಕೆಮ್ಮೋದು ಎಲ್ಲಿ ನೋಯ್ತದೆ ಅಂತ ಏಳ್ತದೆ, ಮದ್ದು ಮಾಡ್ಬೋದು. ಏಳ್ದೇ ಇರೋದ್ಕೆ ಏನ್ ಮಾಡೀಯೆ?”

ಊರನ್ನೆಲ್ಲ ಅಣಕಿಸಿದ ನನ್ನನ್ನು ಮೊದಲ ಬಾರಿಗೆ ಒಬ್ಬರು ಗುರುತು ಹಿಡಿದಿದ್ದರು. ಮಾವ ನನ್ನ ಮುಖ ನೋಡಲಿಲ್ಲ, ತಮ್ಮ ಎತ್ತಿನ ಕೊಟ್ಟಿಗೆಯ ಕಡೆ ನೋಡಿದರು. ಮರುದಿನ ತಾವೇ ಹೋಗಿ, ಹೊಳೆಯ ಏರಿಗೆ ಒಂದು ಸಲ ಬನ್ನಿ ಎಂದು ವಕೀಲರನ್ನು ಕರೆದರು. ಇಂಥ ಕಾರನ್ನು ಪರೀಕ್ಷೆಗೆ ಹಚ್ಚುವುದು ಅದಕ್ಕೆ ಅವಮಾನ ಎಂದರಂತೆ ಅವರು. ಅದೇ ವಾರ ಎತ್ತುಗಳು ಸಾಹುಕಾರರ ಮನೆಗೆ ಹೋದವು, ಮುದ್ದಯ್ಯನೊಂದಿಗೆ ಮುದಿ ಕಾರು ಮಾವನ ಮನೆಗೆ ಬಂತು, ಅವನೇ ಅದರ ಡ್ರೈವರಾಗಿ ಉಳಿದ.

ಬರುವ ದಾರಿಯಲ್ಲಿ ಏರಿನ ನಡುವೆ ಅದಕ್ಕೆ ಉಸಿರು ಕಟ್ಟಿತು. ಮುಂದೆ ಕೂತಿದ್ದ ಮಾವ ತಮಗರಿವಿಲ್ಲದೆ ಬಾಗಿ, ನಾಲಿಗೆ ಲೊಚಗುಟ್ಟಿಸಿ, “ಬಾ ನನ್ ರಾಜ, ಇನ್ನೊಂದ್ ಎಜ್ಜೆ,” ಅಂದರು. ಮುದ್ದಯ್ಯ ಕಿಸಕ್ಕೆಂದ. ಮಾವ ನಾಚಿ ಸುಮ್ಮನಾದರು. ಕಾರೂ ಸುಮ್ಮನಾಯಿತು. ಮತ್ತೆ ಹ್ಯಾಂಡಲ್ ತಿರುಗಿಸಿ, ಮಾವ ಮತ್ತೆ ಲೊಚಗುಟ್ಟಿಸಿದ ಮೇಲೆಯೇ ಅದು ಹತ್ತಿದ್ದು.

ಈಗ ಮಾವ ಕಾರಿನ ಬಾಡಿಗೆಯಿಂದ ಉಳುಮೆಗೆ ಎತ್ತನ್ನು ಬಾಡಿಗೆಗೆ ತರುತ್ತಾರೆ. ಇದಕ್ಕೆ ನಾಗರಿಕತೆಯೆಂದು ಹೆಸರು. ಹೊಸತನ ದೊಡ್ಡದೋ ಬಾಳಿಕೆ ದೊಡ್ಡದೋ ಎಂದು ಹುಣಸೂರಿನ ಭಕ್ತರು ಇನ್ನೂ ವಾದಿಸುತ್ತಿದ್ದಾರೆ. ಮೊನ್ನೆ ಮಾವ ಇಲ್ಲದ ದಿನ ನಾನು ಮುದ್ದಯ್ಯನ ಪಕ್ಕ ಕೂತು ಬರುತ್ತಿದ್ದೆ. ಏರು ಬಂತು. ಮುದ್ದಯ್ಯ ಆಚೆ ಈಚೆ ನೋಡಿ, ಸ್ಟಿಯರಿಂಗ್ ಚಕ್ರದ ಮೇಲೆ ಬಾಗಿ, ಮೆಲ್ಲಗೆ, “ಬಾ ನನ್ ರಾಜ,” ಅಂದ. ನಾನು ಬಾಯಿ ತೆರೆಯುವ ಮೊದಲೇ ನನ್ನ ಕಡೆ ತಿರುಗಿದ.

“ನಗ್ಬೇಡಿ ಕಣ್ರೀ. ಇದ್ಕೆ ಅಭ್ಯಾಸ ಆಗ್ಬುಟ್ಟದೆ.”