ಮೇಷ್ಟ್ರು ನಂಬರ್ ಬದಲಾಯಿಸಿದ್ದು

ಅರ್ಜಿಯಲ್ಲಿ ‘ಕಾರಣ’ ಅಂತ ಒಂದು ಕಾಲಂ ಇತ್ತು. ಶ್ರೀಕಂಠಯ್ಯ ಮೇಷ್ಟ್ರು ಪೆನ್ನು ಹಿಡಿದುಕೊಂಡು ಅದನ್ನೇ ನೋಡುತ್ತಾ ಕೂತರು. ಏನು ಬರೆಯಲಿ ಅಂತ ನನ್ನನ್ನು ಕೇಳಿದರು. ವೈಯಕ್ತಿಕ ಅಂತ ಬರೀರಿ ಅಂದೆ.

ಬರೆದರು. ಕೌಂಟರಿನಲ್ಲಿದ್ದಾಕೆ ಅದನ್ನು ಓದಲೂ ಇಲ್ಲ. ಫೋಟೋ ಅಂಟಿಸಿ, ರೇಷನ್ ಕಾರ್ಡಿನ ಜೆರಾಕ್ಸ್‌ಗೆ ಪಿನ್ ಹೊಡೆದು, ಸಂಜೆಯೊಳಗೆ ಹೊಸ ನಂಬರ್ ಬರುತ್ತೆ ಎಂದರು. ಹ್ಯಾಂಡ್‌ಸೆಟ್ ಅದೇ, ಬ್ಯಾಲೆನ್ಸ್ ಅದೇ. ಹಳೇ ನಂಬರ್ ಮಾತ್ರ ಇರುವುದಿಲ್ಲ. ಪ್ರೀಪೇಯ್ಡ್ ಎಷ್ಟು ಸುಲಭ ನೋಡಿ! ನಾವಿಬ್ಬರೂ ಹಾಸನದ ಆ ಆಫೀಸಿನಿಂದ ಹೊರಬಿದ್ದು, ಬಸ್ ಸ್ಟ್ಯಾಂಡಿನ ಹತ್ತಿರ ಕಾಫಿ ಕುಡಿದು, ಹೊಳೆನರಸೀಪುರದ ಬಸ್ ಹತ್ತಿದೆವು.

ಇದು ಹೋದ ವರ್ಷ ದೀಪಾವಳಿ ಕಳೆದ ಮೇಲಿನ ಮಾತು. ಈ ವಾರದ ಅಂಕಣಕ್ಕೆ ನಾನು ಬೇರೆಯೇ ವಿಷಯ ಇಟ್ಟುಕೊಂಡಿದ್ದೆ. ಆದರೆ ಹೋದ ಭಾನುವಾರ ನಡೆದದ್ದನ್ನು ಬಿಟ್ಟು ಇನ್ನೇನು ಬರೆದರೂ ನನಗೇ ಹೇಸಿಗೆಯಾಗುತ್ತದೆ.

ಮೇಷ್ಟ್ರು ನಮ್ಮ ಪಕ್ಕದ ಮನೆಯವರು. ನಾನು ಸಮಾಜ ಹೇಳಿಕೊಡುವ ಹೈಸ್ಕೂಲಿನಲ್ಲೇ ಅವರು ಗಣಿತ ಹೇಳಿಕೊಡುತ್ತಾರೆ. ಅವರಪ್ಪನ ಕಾಲದವರೆಗೆ ಮನೆತನದಲ್ಲಿ ದೇವಸ್ಥಾನದ ಪೂಜೆ ಇತ್ತು. ಹೆಂಡತಿ ಜಯಮ್ಮ, ಒಬ್ಬಳೇ ಮಗಳು ಪೂರ್ಣಿಮಾ. ಹಾಸನದ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದ ಪೂರ್ಣಿಮಾ ಒಂದು ದಿನ ವಾಪಸ್ ಬರಲಿಲ್ಲ. ದುದ್ದದ ಮಂಜೇಗೌಡ ಎಂಬ ಟ್ರ್ಯಾಕ್ಟರ್ ಮೆಕ್ಯಾನಿಕ್ ಜೊತೆ ರಿಜಿಸ್ಟರ್ ಮದುವೆಯಾಗಿ ದಾವಣಗೆರೆಗೆ ಹೋಗಿದ್ದಳು. ಆತನಿಗೆ ಅಲ್ಲಿ ಕೆಲಸ ಸಿಕ್ಕಿತ್ತು.

ಜಾತಿ ಬೇರೆ. ಉಳಿದದ್ದನ್ನು ನಾನು ಬಿಡಿಸಿ ಹೇಳಬೇಕಾ?

ಮೂರನೇ ದಿನ ಮಗಳು ಯಾವುದೋ ಬೂತಿನಿಂದ ಫೋನ್ ಮಾಡಿದಳು. ಮೇಷ್ಟ್ರು ಅವಳ ದನಿ ಕೇಳಿದ್ದೇ ಕಟ್ ಮಾಡಿದರು. ಮತ್ತೆ ಮಾಡಿದಳು, ಮತ್ತೆ ಕಟ್. ಹದಿನೈದು ದಿನ ಹೀಗೇ ನಡೆಯಿತು. ಎಲ್ಲಿ ಹೆಂಡತಿಯ ಕೈಗೆ ಸಿಕ್ಕಿಬಿಡುತ್ತೋ ಅಂತ ಆ ಹದಿನೈದು ದಿನವೂ ಮೊಬೈಲನ್ನು ಜೇಬಿನಲ್ಲಿಟ್ಟುಕೊಂಡೇ ಸ್ಕೂಲಿಗೆ ಬಂದರು. ಕೊನೆಗೆ ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕ ಕೂತು, ಈ ನಂಬರೇ ಬೇಡ ಅಂದರು. ಹಾಸನದ ಆಫೀಸಿಗೆ ಹೋದರೆ ಬದಲಾಯಿಸಿ ಕೊಡ್ತಾರೆ ಎಂದು ಹೇಳಿದವನು ನಾನೇ. ಜೊತೆಗೆ ಹೋದವನೂ ನಾನೇ. ಸಿಟ್ಟು ಇಳಿಯುವವರೆಗೆ ಇರಲಿ, ಆಮೇಲೆ ಎಲ್ಲ ಸರಿಹೋಗುತ್ತೆ ಅಂದುಕೊಂಡಿದ್ದೆ. (ಬೇರೆಯವರ ಮನೆಯ ವಿಷಯದಲ್ಲಿ ನಾವು ಎಷ್ಟು ಬೇಗ ಸಮಾಧಾನ ಮಾಡಿಕೊಳ್ಳುತ್ತೇವೆ!)

ಬಸ್ಸಿನಲ್ಲಿ ಬರುವಾಗ ಮೇಷ್ಟ್ರು ನನ್ನಿಂದ ಒಂದು ಮಾತು ತೆಗೆದುಕೊಂಡರು. ಇದು ಜಯಮ್ಮನಿಗೆ ಗೊತ್ತಾಗಬಾರದು. ಆಯ್ತು ಅಂದೆ.

ಮಾರನೇ ದಿನದಿಂದ ಮೊಬೈಲ್ ಮನೆಯಲ್ಲೇ ಉಳಿಯತೊಡಗಿತು. ಜಯಮ್ಮನ ಕೈಗೆ ಕೊಟ್ಟು, ಇನ್ನು ನೀನೇ ಇಟ್ಟುಕೋ ಅಂದರಂತೆ. ಗಂಡ ಸ್ವಲ್ಪ ಮೆತ್ತಗಾದರು ಅಂತ ಆಕೆಗೆ ಖುಷಿ. ಲ್ಯಾಂಡ್‌ಲೈನ್ ತೆಗೆಸಿ ಆಗಲೇ ವರ್ಷವಾಗಿತ್ತು. ನೆಂಟರಿಗೆಲ್ಲ ಮೇಷ್ಟ್ರೇ ಹೊಸ ನಂಬರ್ ತಿಳಿಸಿದ್ದರು. ಹಾಗಾಗಿ ಚನ್ನರಾಯಪಟ್ಟಣದ ತಂಗಿಯ ಫೋನ್ ಬರುತ್ತಿತ್ತು, ನಾದಿನಿಯ ಫೋನ್ ಬರುತ್ತಿತ್ತು. ನಂಬರ್ ಬದಲಾಗಿದೆ ಎಂದು ಯಾರೂ ಆಕೆಗೆ ಹೇಳಲಿಲ್ಲ. (ಆ ಮನೆಯವಳಿಗೇ ಹೋಗಿ, ನಿಮ್ಮ ನಂಬರ್ ಬದಲಾಯ್ತಂತೆ ಅಂತ ಯಾರು ಹೇಳುತ್ತಾರೆ?)

ಆಕೆ ಕಾದರು. ಹಿತ್ತಲಲ್ಲಿ ಪಾತ್ರೆ ತೊಳೆಯುವಾಗಲೂ ಫೋನು ಪಕ್ಕದ ಕಲ್ಲಿನ ಮೇಲೆ ಇರುತ್ತಿತ್ತು. ನೀರು ಬಿದ್ದೀತು ಅಂತ ಅದಕ್ಕೊಂದು ಪ್ಲಾಸ್ಟಿಕ್ ಕವರ್.

ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಜಯಮ್ಮ ಫೋನ್ ಹಿಡಿದುಕೊಂಡು ಕಾಂಪೌಂಡಿನ ಹತ್ತಿರ ಬಂದರು. ಮೇಷ್ಟ್ರು ಸ್ನಾನಕ್ಕೆ ಹೋಗಿದ್ದರು.

‘ಇದು ಸರಿ ಇದ್ಯಾ ಸ್ವಲ್ಪ ನೋಡ್ತೀರಾ? ಒಂದು ರಿಂಗ್ ಕೊಡಿ. ಪೂರ್ಣಿ ಫೋನೇ ಬರ್ತಿಲ್ಲ.’

ನನ್ನ ಮೊಬೈಲಿನಲ್ಲಿ ಹೊಸ ನಂಬರ್ ಇತ್ತು. ಒತ್ತಿದೆ. ಅವರ ಕೈಯಲ್ಲಿದ್ದ ಫೋನ್ ಬಡಿದುಕೊಂಡಿತು. ಆ ಸದ್ದಿಗೆ ಆಕೆಯ ಮುಖ ಒಂದು ಕ್ಷಣ ಅರಳಿತು. ಆಮೇಲೆ ಇಳಿದುಹೋಯಿತು.

‘ಸರಿಯಾಗೇ ಇದೆ ಹಾಗಾದ್ರೆ. ಅವಳೇ ಮಾಡ್ತಿಲ್ಲ’ ಎಂದು ಒಳಗೆ ಹೋದರು.

ಎಷ್ಟು ಮಾತು ಬೇಕಿತ್ತು ಹೇಳಿ? ಒಂದೇ ಒಂದು. ಸೊಂಟದೆತ್ತರದ ಗೋಡೆ, ಆಚೆಗೆ ಆಕೆ, ಈಚೆಗೆ ನಾನು. ನಾನು ಸ್ಕೂಲಿಗೆ ಹೊತ್ತಾಯಿತು ಎಂದು ಶೂ ಹಾಕಿಕೊಂಡೆ. ಈ ವರ್ಷದಲ್ಲಿ ಅರಸೀಕೆರೆಗೆ ಹೋಗುತ್ತಾ ಎರಡು ಸಲ ದುದ್ದದ ಮೇಲೆ ಹಾದಿದ್ದೇನೆ. ಬಸ್ ನಿಂತಿತ್ತು. ಇಳಿದು ಮಂಜೇಗೌಡನ ಮನೆ ಯಾವುದು ಅಂತ ಕೇಳಿದ್ದರೆ ಯಾರಾದರೂ ತೋರಿಸುತ್ತಿದ್ದರು. ಇಳಿಯಲಿಲ್ಲ.

ಹೋದ ಭಾನುವಾರ ಹನ್ನೊಂದು ಗಂಟೆಗೆ ಅವರ ಗೇಟಿನ ಮುಂದೆ ಆಟೋ ನಿಂತಿತು. ಪೂರ್ಣಿಮಾ ಇಳಿದಳು. ಗುರುತು ಸಿಗದಷ್ಟು ಇಳಿದುಹೋಗಿದ್ದಳು. ಹಿಂದೆ ಬ್ಯಾಗ್ ಹಿಡಿದ ಮಂಜೇಗೌಡ. ಆತ ಗೇಟು ದಾಟಲಿಲ್ಲ. ಜಯಮ್ಮ ಓಡಿಬಂದು ಮಗಳನ್ನು ತಬ್ಬಿಕೊಂಡರು. ನಾನೂ ಓಡಿದೆ. ಎಲ್ಲ ಸರಿಹೋಯಿತು ಎಂದು ನನಗೆ ನಿಜಕ್ಕೂ ಸಂತೋಷವಾಗಿತ್ತು.

ಮಂಜೇಗೌಡ ನನಗೆ ಮೆಲ್ಲಗೆ ಹೇಳಿದ: ‘ನಾ ಬ್ಯಾಡ ಅಂದೆ ಸಾ. ಅಮ್ಮನ್ನ ಒಂದ್ ಮಾತು ಕೇಳ್ಬೇಕು, ಕೇಳ್ಕಂಡ್ ಬಂದ್ಬುಡಾನ ಅಂತ ಅಟ ಇಡಿದ್ಲು.’

ಪೂರ್ಣಿಮಾ ಜಗುಲಿಯ ಮೇಲೆ ಕೂತು ಹೇಳಿದಳು. ಅವಳು ಬಸುರಿಯಾಗಿದ್ದಳು. ಏಳು ತಿಂಗಳಿಗೆ ಬಿ.ಪಿ. ಏರಿ ಆಸ್ಪತ್ರೆಗೆ ಸೇರಿದಳು. ಎರಡು ದಿನ ಅಲ್ಲಿನ ಕಾಯಿನ್ ಬೂತಿನಿಂದ ಅಮ್ಮನಿಗೆ ಫೋನ್ ಮಾಡಿದಳು. ಅವಳಿಗೆ ಬಾಯಿಪಾಠವಿದ್ದದ್ದು ಅದೊಂದೇ ನಂಬರು. ಆ ಸಂಖ್ಯೆ ಅಸ್ತಿತ್ವದಲ್ಲಿಲ್ಲ ಎಂದು ಮೊದಲಿನಿಂದಲೂ ಹೇಳುತ್ತಿದ್ದ ಹೆಂಗಸಿನ ದನಿ ಆಗಲೂ ಅದನ್ನೇ ಹೇಳಿತು. ಮಗು ಉಳಿಯಲಿಲ್ಲ. ಹೆಣ್ಣು.

ಕಾಗದ ಯಾಕೆ ಬರೆಯಲಿಲ್ಲ ಎಂದು ಜಯಮ್ಮ ಕೇಳಿದರು. ನಂಬರನ್ನೇ ತೆಗೆಸಿದವರು ಕಾಗದ ಓದ್ತೀರಾ ಅಂದಳು ಮಗಳು. ಆಮೇಲೆ ತಾನು ಕೇಳಲು ಬಂದದ್ದನ್ನು ಕೇಳಿದಳು.

‘ನೀನೂ ಒಪ್ಪಿಕೊಂಡಿದ್ಯಾ ಅಮ್ಮ?’

ಜಯಮ್ಮನಿಗೆ ಅರ್ಥವಾಗಲಿಲ್ಲ. ಫೋನ್ ತಂದು ಮಗಳ ಕೈಗಿಟ್ಟರು. ಇದು ಚೆನ್ನಾಗೇ ಇತ್ತು, ಇವರೇ ರಿಂಗ್ ಕೊಟ್ಟು ತೋರಿಸಿದ್ದರು ಎಂದು ನನ್ನ ಕಡೆ ಕೈ ಮಾಡಿದರು. ನಿಮ್ಮ ಹತ್ರ ಇರೋ ನಂಬರ್ ಹೇಳಿ ಅಂಕಲ್ ಎಂದಳು ಪೂರ್ಣಿಮಾ. ನಾನು ಹೇಳಿದೆ. ಹತ್ತು ಅಂಕಿ ಹೇಳುವುದು ಅಷ್ಟು ಕಷ್ಟ ಅಂತ ನನಗೆ ಗೊತ್ತಿರಲಿಲ್ಲ. ಅವಳು ತನಗೆ ಗೊತ್ತಿದ್ದ ನಂಬರನ್ನು ಹೇಳಿದಳು. ಜಯಮ್ಮ ಎರಡನ್ನೂ ಕೇಳಿಸಿಕೊಂಡರು.

ಮೇಷ್ಟ್ರು ಒಳಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಪೇಪರ್ ಇತ್ತು. ಯಾರೂ ಅವರನ್ನು ಏನೂ ಕೇಳಲಿಲ್ಲ. ಅದೇ ಅವರಿಗೆ ತಡೆಯಲಾಗಲಿಲ್ಲ ಅಂತ ಕಾಣುತ್ತದೆ, ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟರು. ಮಗಳು ಅಮ್ಮನ ತೊಡೆಯ ಮೇಲೆ ತಲೆಯಿಟ್ಟು ಒಂದು ಗಂಟೆ ಮಲಗಿದ್ದಳಂತೆ. ಮಧ್ಯಾಹ್ನದ ಬಸ್ಸಿಗೆ ಹೊರಟರು. ಅಪ್ಪನಿಗೆ ಅವಳು ಹೋಗಿ ಬರ್ತೀನಿ ಅನ್ನಲಿಲ್ಲ.

ಸೋಮವಾರ ಮೇಷ್ಟ್ರು ರಜೆ ಹಾಕಿ ಒಬ್ಬರೇ ಹಾಸನಕ್ಕೆ ಹೋದರು. ಹಳೇ ನಂಬರ್ ವಾಪಸ್ ಬೇಕು ಅಂದರಂತೆ. ಅದು ಬೇರೆಯವರಿಗೆ ಹೋಗಿದೆ ಅಂದರಂತೆ. ಅಲ್ಲೇ ನಿಂತು ಆ ನಂಬರಿಗೆ ಫೋನ್ ಮಾಡಿದ್ದಾರೆ. ಅರಕಲಗೂಡಿನ ಗೊಬ್ಬರದ ಅಂಗಡಿಯ ಯಜಮಾನರೊಬ್ಬರು ಎತ್ತಿದರು. ಯಾರಾದರೂ ಹೆಣ್ಣುಮಗಳು ಫೋನ್ ಮಾಡಿದ್ದಳಾ ಎಂದು ಕೇಳಿದ್ದಕ್ಕೆ, ಈ ನಂಬರ್ ಬಂದು ತಿಂಗಳಾಯ್ತು, ಅಂಥವರು ಯಾರೂ ಮಾಡಿಲ್ಲ ಕಣ್ ಸಾ ಎಂದರಂತೆ. ಅಷ್ಟು ಹೊತ್ತಿಗೆ ಅವಳು ಮಾಡುವುದನ್ನೇ ಬಿಟ್ಟಿದ್ದಳು. ಇದನ್ನೆಲ್ಲ ಮೇಷ್ಟ್ರು ಮಾರನೇ ದಿನ ಸ್ಟಾಫ್ ರೂಮಿನಲ್ಲಿ ನನಗೆ ಹೇಳಿದರು. ನಾನು ಅವರನ್ನು ಸಮಾಧಾನ ಮಾಡಿದೆ. ಅದು ನನಗೆ ಚೆನ್ನಾಗಿ ಬರುತ್ತದೆ.

ನಿನ್ನೆ ಬೆಳಿಗ್ಗೆ ಜಯಮ್ಮ ಬ್ಯಾಗ್ ಹಿಡಿದು ನಮ್ಮ ಬಾಗಿಲಿಗೆ ಬಂದರು. ದಾವಣಗೆರೆಗೆ ಹೊರಟಿದ್ದರು. ಯಾವಾಗ ಬರುತ್ತೇನೋ ಗೊತ್ತಿಲ್ಲ, ಹಾಲಿನವರಿಗೆ ಅರ್ಧ ಲೀಟರ್ ಸಾಕು ಅಂತ ಹೇಳಿಬಿಡಿ ಅಂದರು. ಆಯ್ತು ಅಂದೆ. ಇನ್ನೂ ಏನಾದರೂ ಹೇಳಬೇಕು ಅನ್ನಿಸಿ, ಮೇಷ್ಟ್ರು ತುಂಬಾ ನೊಂದುಕೊಂಡಿದ್ದಾರೆ, ಸಿಟ್ಟಿನಲ್ಲಿ ಮಾಡಿದ್ದು ಎಂದು ಶುರು ಮಾಡಿದೆ.

ಜಯಮ್ಮ ಸಿಟ್ಟಾಗಲಿಲ್ಲ. ಗೊತ್ತಿಲ್ಲದ್ದನ್ನು ತಿಳಿದುಕೊಳ್ಳುವವರ ಹಾಗೆ ಕೇಳಿದರು:

‘ಅವರಿಗೆ ಸಿಟ್ಟಿತ್ತು. ನಿಮಗೇನಿತ್ತು?’