ಚರ್ಚಿನಲ್ಲಿ ಹೆಸರು ಓದಿದ ಮೇಲೆ

ಕೋರ್ಟಿನಲ್ಲಿ ಅಕ್ಕನಿಗೆ ವಿಚ್ಛೇದನ ಸಿಕ್ಕಿತ್ತು. ನವನಗರದ ಶಿಕ್ಷಕರೊಬ್ಬರು ಅವಳನ್ನು ಮದುವೆಯಾಗಲು ಬಯಸಿದ್ದರು, ಅವಳೂ ಒಪ್ಪಿದ್ದಳು. ಆದರೆ ನಾವು ಕ್ಯಾಥೊಲಿಕರು. ಮೊದಲ ಮದುವೆ ಮೊದಲಿನಿಂದಲೂ ಸಿಂಧುವಾಗಿರಲಿಲ್ಲ ಎಂದು ಧರ್ಮಪ್ರಾಂತ್ಯದ ನ್ಯಾಯಪೀಠ ಹೇಳದ ಹೊರತು ಚರ್ಚಿನಲ್ಲಿ ಇನ್ನೊಂದು ಮದುವೆ ಇಲ್ಲ. ಚರ್ಚಿನ ಹೊರಗೆ ಮದುವೆಯಾಗಲು ಅಕ್ಕ ಸಿದ್ಧಳಿರಲಿಲ್ಲ.

ಹಾಗೆ ಹೇಳಿಸಲು ಇದ್ದ ಆಧಾರ ಅವ್ವನ ಬಳಿ ಇತ್ತು. ನಮ್ಮಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಚರ್ಚಿನಲ್ಲಿ ಬಲಿಪೂಜೆ ಎಂಬ ಆರಾಧನೆಯ ಕೊನೆಗೆ ಗಂಡು ಹೆಣ್ಣಿನ ಹೆಸರು ಓದುತ್ತಾರೆ, ಅಡ್ಡಿ ಏನಾದರೂ ಇದ್ದರೆ ಗೊತ್ತಿದ್ದವರು ತಿಳಿಸಲಿ ಎಂದು. ಆ ಮೊದಲ ಮದುವೆಯ ಹೊತ್ತಿಗೆ, ಎರಡನೆಯ ಭಾನುವಾರ ಮನೆಗೆ ಬಂದ ಅಕ್ಕ, ಈ ಮದುವೆ ಬೇಡ ಎಂದಳು. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಮಂದಿ ಮುಂದ ಹೆಸರು ಓದಿ ಆತು. ಈಗ ಬ್ಯಾಡ ಅಂದ್ರ ನಾ ಕೇಶ್ವಾಪುರದಾಗ ಹೆಂಗ ತಿರಗ್ಯಾಡ್ಲಿ? ನೀ ಹೂಂ ಅನ್ನೂತನಕ ನಾ ಉಣ್ಣಂಗಿಲ್ಲ."

ನಿಜಕ್ಕೂ ಉಣ್ಣಲಿಲ್ಲ. ಮೂರನೆಯ ದಿನ ಅಕ್ಕ ಹೂಂ ಅಂದಳು. ಅಡ್ಡಿ ಹೇಳಲೆಂದೇ ಹೆಸರು ಓದುತ್ತಾರೆ ಎಂಬುದು ನಮಗಾರಿಗೂ ಹೊಳೆಯಲಿಲ್ಲ.

ಈಗ ಅಕ್ಕ ನ್ಯಾಯಪೀಠಕ್ಕೆ ಅರ್ಜಿ ಹಾಕಿದಾಗ ಅವ್ವ, ನಾನು ಸಾಕ್ಷಿಗಳಾದೆವು. ಅಲ್ಲಿನ ಗುರುಗಳು ಸಾಕ್ಷಿಗಳನ್ನು ಒಬ್ಬೊಬ್ಬರನ್ನಾಗಿ ಒಳಗೆ ಕರೆದು ಕೇಳುತ್ತಾರೆ. ಹೋಗುವಾಗ ಬಸ್ಸಿನಲ್ಲಿ ಅವ್ವ ಅಕ್ಕನತ್ತ ತಿರುಗಿದಳು.

"ನಾನ ನಿನ್ನ ಮದುವಿ ಕೆಡಿಸೇನಿ ಅಂತ ಹೇಳ್ಬೇಕನು?"

"ಕೆಡಿಸೇನಿ ಅನಬ್ಯಾಡ ಬೇ. ಮಾಡ್ಸೇನಿ ಅನ್ನು."

ನಾನು ಕಂಡಷ್ಟನ್ನು ಹೇಳಿ ಬೇಗ ಹೊರಗೆ ಬಂದೆ. ಅವ್ವ ಬಹಳ ಹೊತ್ತು ಒಳಗಿದ್ದಳು. ಅವಳು ಸುಳ್ಳು ಹೇಳುವವಳಲ್ಲ, ಆದರೆ ಸುಮ್ಮನಿರಬಲ್ಲಳು. ಅಕ್ಕ ಬಾಗಿಲನ್ನೇ ನೋಡುತ್ತಿದ್ದಳು.

"ಎಲ್ಲಾ ಹೇಳೇನಿ," ಎಂದಳು ಅವ್ವ, ಸೆರಗು ಸರಿಮಾಡಿಕೊಳ್ಳುತ್ತ. "ಉಣಲಾರದ್ದೂ ಹೇಳೇನಿ. ಫಾದರ್ ಏನೂ ಬೈಲಿಲ್ಲ. ಬೈದಿದ್ರ ಛಲೋ ಇತ್ತು."

ತೀರ್ಪು ಬರಲು ಒಂದು ವರ್ಷಕ್ಕೂ ಹೆಚ್ಚು ಹಿಡಿಯಿತು. ಒತ್ತಡಕ್ಕೆ ಮಣಿದು ಕೊಟ್ಟ ಒಪ್ಪಿಗೆ ಒಪ್ಪಿಗೆಯಲ್ಲ, ಆ ಮದುವೆ ಸಿಂಧುವಲ್ಲ ಎಂದಿತ್ತು.

ಚರ್ಚಿನಲ್ಲಿ ಮತ್ತೆ ಅಕ್ಕನ ಹೆಸರು ಓದಿದರು. ಎರಡನೆಯ ಭಾನುವಾರ ಮನೆಗೆ ಬಂದೊಡನೆ ಅವ್ವ, ಒಲೆ ಹಚ್ಚುವ ಮೊದಲೇ, ಅಕ್ಕನ ಮುಂದೆ ನಿಂತಳು.

"ಬ್ಯಾಡ ಅನಸಾಕತ್ತಿದ್ರ ಈಗ ಹೇಳು. ಫಾದರ್‌ಗೆ ನಾನ ಹೋಗಿ ಹೇಳಿ ಬರ್ತೇನಿ."

"ಬೇಕು ಬೇ."

"ಖರೇನ?"

"ಬೇಕು ಅಂದ್ನೆಲ್ಲಾ. ಮೊದ್ಲ ನೀ ಉಣ್ಣು."

ಅವ್ವ ಉಂಡಳು. ಸಂಜೆಯೊಳಗೆ ಇನ್ನೂ ಎರಡು ಸಲ ಕೇಳಿದಳು.